ಎರಡನೇ ಶನಿವಾರದ ಅಕ್ಕತಂಗಿಯರು



ನಮ್ಮ ನಾಡಿನಲ್ಲಿ ವಂಶದ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರಿಗೆ ಕೊರತೆಯಿಲ್ಲ. ಒಕ್ಕಲು ಮನೆತನಗಳಿಗೆ ಹೆಳವರಿದ್ದರು. ಎತ್ತಿನ ಮೇಲೆ ಕೂತು ಊರಿಗೆ ಬಂದು, ಮನೆಯ ಮುಂದೆ ನಿಂತು, ತಲೆತಲಾಂತರದ ಹೆಸರುಗಳನ್ನು ತಪ್ಪದೆ ಹೇಳಿ, ದವಸಧಾನ್ಯ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ನಾನಿರುವ ದೆಹಲಿಯಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಹರಿದ್ವಾರದಲ್ಲಿ ಪಂಡಾಗಳ ಬಳಿ ವಹಿಗಳಿವೆ. ಊರು, ಕುಲ ಹೇಳಿದರೆ ಸಾಕು, ಯಾತ್ರೆಗೆ ಬಂದುಹೋದ ಮುತ್ತಾತನ ಹೆಸರಿರುವ ಪುಟವನ್ನು ತೆಗೆದು ತೋರಿಸುತ್ತಾರೆ. ಇನ್ನು ಸರ್ಕಾರದ ಲೆಕ್ಕಕ್ಕೆ, ಖಾತೆ ಬದಲಾಯಿಸುವಾಗ ನಾಡಕಚೇರಿಯಿಂದ ತರಬೇಕಾದ ವಂಶವೃಕ್ಷವಿದೆ. ಇಷ್ಟೆಲ್ಲ ಇದ್ದೂ, ನಿಮ್ಮ ಅಮ್ಮನ ಅಮ್ಮನ ಅಮ್ಮನ ಹೆಸರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ. ಅವಳ ಹೆಸರು ಯಾವ ದಫ್ತರದಲ್ಲೂ ಸಿಗುವುದು ಕಷ್ಟ. ಅಕ್ಕತಂಗಿಯರು ಒಂದು ಕಡೆ ಸೇರಿ ಕೂತಾಗ ಆಡುವ ಮಾತಿನಲ್ಲಿ ಮಾತ್ರ ಅವಳು ಸಿಗುತ್ತಾಳೆ. ದೆಹಲಿಯಲ್ಲಿ ಬಾಳಿದ ನನ್ನ ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ, ಈ ಮೂವರ ಮಗ್ಗುಲಲ್ಲಿ ಕೂತು ಬೆಳೆದದ್ದರಿಂದ ನನಗೆ ಇದು ಗೊತ್ತು. ಇವತ್ತು ಅವರ ವಿಷಯವನ್ನೇ ಹೇಳಬೇಕೆಂದು ಬಂದಿದ್ದೇನೆ.

ಅವರ ತವರು ಹಾಸನದ ಸೀಮೆಯಲ್ಲಿ ಹೇಮಾವತಿ ದಂಡೆಯ ಒಂದು ಸಣ್ಣ ಊರು. ಮೊದಲು ದೆಹಲಿಗೆ ಬಂದವಳು ದೊಡ್ಡಮ್ಮ, 1954ರಲ್ಲಿ, ಮದುವೆಯಾದ ಹೊಸತರಲ್ಲಿ. ದೊಡ್ಡಪ್ಪ ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತರು. ಹಾಸನದಿಂದ ಬೆಂಗಳೂರು, ಬೆಂಗಳೂರಿಂದ ಮದರಾಸು, ಅಲ್ಲಿಂದ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್. ಹಿತ್ತಾಳೆ ಕೊಡದಲ್ಲಿ ಕುಡಿಯುವ ನೀರು, ಡಬ್ಬಿಯಲ್ಲಿ ಹುಳಿಯವಲಕ್ಕಿ, ಕೋಡುಬಳೆ. ಅಷ್ಟು ದೂರಕ್ಕೆ ಹೆಣ್ಣು ಕೊಟ್ಟೆವಲ್ಲ ಎಂದು ಅಜ್ಜಿ ತಿಂಗಳುಗಟ್ಟಲೆ ಕೊರಗಿದ್ದರಂತೆ. ಆದರೆ ಮುಂದೆ ಅದೇ ಅಜ್ಜಿ ಇನ್ನಿಬ್ಬರು ಹೆಣ್ಣುಮಕ್ಕಳನ್ನೂ ದೆಹಲಿಗೇ ಕೊಟ್ಟರು. ದೂರ ಹೋಗುವುದಾದರೆ ಅಕ್ಕನ ಹತ್ತಿರಕ್ಕೇ ಹೋಗಲಿ ಎನ್ನುವುದು ಅವರ ಲೆಕ್ಕ. ದೊಡ್ಡಮ್ಮ ತನ್ನ ಗಂಡನ ಆಫೀಸಿನಲ್ಲಿ, ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಕಣ್ಣಿಟ್ಟು ವರಗಳನ್ನು ಹುಡುಕಿದ್ದಳು. ದೆಹಲಿ ಕರ್ನಾಟಕ ಸಂಘ 1948ರಲ್ಲಿ ಶುರುವಾದದ್ದು. ಊರಿನಿಂದ ಬಂದ ಗುಮಾಸ್ತರು, ಸ್ಟೆನೋಗಳು ತಿಂಗಳಿಗೊಮ್ಮೆಯಾದರೂ ಕನ್ನಡ ಮಾತಾಡಲಿಕ್ಕೆ ಅಲ್ಲಿ ಸೇರುತ್ತಿದ್ದರು. ಎಷ್ಟೋ ಸಂಬಂಧಗಳು ಕುದುರಿದ್ದು ಆ ನಾಟಕ, ಹಬ್ಬಗಳ ನಡುವೆಯೇ.

ಹೀಗೆ ದೊಡ್ಡಮ್ಮ ವಿನಯ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೆಲೆಸಿದಳು, ವಿನಯ ನಗರವೇ ಆಮೇಲೆ ಸರೋಜಿನಿ ನಗರವಾಯಿತು. ಅಮ್ಮ ರಾಮಕೃಷ್ಣಪುರದಲ್ಲಿ, ಅಂದರೆ ಎಲ್ಲರೂ ಕರೆಯುವ ಆರ್.ಕೆ. ಪುರಂನಲ್ಲಿ, ಚಿಕ್ಕಮ್ಮ ಕರೋಲ್‌ಬಾಗಿನಲ್ಲಿ ಬಾಡಿಗೆಗೆ ಹಿಡಿದ ಒಂದು ಬರ್ಸಾತಿಯಲ್ಲಿ. ಬರ್ಸಾತಿ ಎಂದರೆ ಮನೆಯ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆ. ಬೇಸಿಗೆಯಲ್ಲಿ ಒಳಗೆ ಕಾಲಿಡುವಂತಿಲ್ಲ, ಚಳಿಗಾಲದಲ್ಲಿ ಹೊರಗೆ ಕೂರಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಗ ಸರ್ಕಾರಿ ಕಚೇರಿಗಳಿಗೆ ಎರಡನೇ ಶನಿವಾರ ರಜೆ. ವಾರಕ್ಕೆ ಐದೇ ದಿನದ ಕೆಲಸ ಬಂದದ್ದು 1985ರಲ್ಲಿ. ಅದಕ್ಕೆ ಮೊದಲು ಆ ಎರಡನೇ ಶನಿವಾರವೇ ನಮ್ಮ ಮನೆಗಳ ದೊಡ್ಡ ಹಬ್ಬ. ಗಂಡಸರಿಗೆ ಮಕ್ಕಳನ್ನು ಒಪ್ಪಿಸಿ, ಇಲ್ಲವೇ ಮಕ್ಕಳನ್ನೂ ಕಟ್ಟಿಕೊಂಡು, ಡಿ.ಟಿ.ಸಿ. ಬಸ್ಸು ಹಿಡಿದು ಮೂವರೂ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಹೆಚ್ಚಾಗಿ ದೊಡ್ಡಮ್ಮನ ಮನೆ. ಅಲ್ಲಿ ಮುಂದುಗಡೆ ಒಂದು ಚೂರು ಹುಲ್ಲುಹಾಸು, ಅದರಂಚಿಗೆ ಬೇವಿನ ಮರ. ಚಳಿಗಾಲದಲ್ಲಿ ಹತ್ತು ಗಂಟೆಗೆ ಬಿಸಿಲು ಹುಲ್ಲಿನ ಮೇಲೆ ಬೀಳುತ್ತಿದ್ದ ಹಾಗೆ ಚಾಪೆ ಹೊರಗೆ ಬರುತ್ತಿತ್ತು, ಬಿಸಿಲು ಸರಿದಂತೆ ಚಾಪೆಯೂ ಸರಿಯುತ್ತಿತ್ತು.

ಡಿಸೆಂಬರ್ ಜನವರಿಯಲ್ಲಿ ಊರಿನಿಂದ ಯಾರಾದರೂ ಬಂದರೆ ಸೊಗಡವರೆಕಾಯಿ ತರಬೇಕೆಂಬುದು ಕಟ್ಟಪ್ಪಣೆ. 1976ರಲ್ಲಿ ಕೆ.ಕೆ. ಎಕ್ಸ್‌ಪ್ರೆಸ್ ಬಂದ ಮೇಲೆ ಇದು ಸಲೀಸಾಯಿತು. ಗೋಣಿತಾಟಿನ ಚೀಲದಲ್ಲಿ ಬಂದ ಕಾಯಿಯನ್ನು ಶುಕ್ರವಾರ ರಾತ್ರಿಯೇ ಬಿಡಿಸಿ ಕಾಳನ್ನು ನೀರಿಗೆ ಹಾಕಿಟ್ಟರೆ, ಶನಿವಾರ ಬೆಳಿಗ್ಗೆ ಹಿದುಕುವ ಕೆಲಸ. ನೆಂದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಜೋರಾಗಿ ಒತ್ತಿದರೆ ಬೇಳೆ ಎರಡಾಗುತ್ತದೆ. ಒಂದು ಸೇರು ಬೇಳೆ ಆಗಬೇಕಾದರೆ ಮೂವರು ಹೆಂಗಸರು ಒಂದೂವರೆ ಗಂಟೆ ಕೂರಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ನಮ್ಮ ಮನೆತನದ ಕತೆಯೆಲ್ಲ ನನ್ನ ಕಿವಿಗೆ ಬಿದ್ದದ್ದು ಆ ಒಂದೂವರೆ ಗಂಟೆಗಳಲ್ಲಿ.

ಅವರು ಕತೆ ಹೇಳುತ್ತಿದ್ದ ಬಗೆಯೇ ಬೇರೆ. ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳು ತಿದ್ದುತ್ತಿದ್ದಳು.

"ಅತ್ತಿಗೆ ಬಾಣಂತನ ಆದಾಗ ಮಳೆಗಾಲ ಕಣೇ."

"ಅಲ್ಲಕ್ಕ, ಮಾಗಿ. ಅಂಗಳದಲ್ಲಿ ಭತ್ತದ ರಾಶಿ ಇತ್ತು. ಅದನ್ನ ದಾಟಿಕೊಂಡು ಸೂಲಗಿತ್ತಿ ಬಂದಿದ್ದು ನಂಗೆ ನೆನಪಿದೆ."

"ಹೌದೌದು, ರಾಶಿ ಇತ್ತು. ಹಂಗಾದ್ರೆ ಅದು ಎರಡನೇ ಮಗು."

ಮೂವರೂ ಒಪ್ಪುವವರೆಗೆ ಕತೆ ಮುಂದೆ ಹೋಗುವಂತಿರಲಿಲ್ಲ. ಇತಿಹಾಸ ಓದಿದವರು ಆಕರಗಳನ್ನು ತಾಳೆ ನೋಡಬೇಕು ಅನ್ನುತ್ತಾರಲ್ಲ, ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಈ ಮೂವರು ಅದನ್ನು ತಿಂಗಳು ತಿಂಗಳು ಮಾಡುತ್ತಿದ್ದರು. ಒಬ್ಬಳ ನೆನಪು ಜಾರಬಹುದು. ಮೂವರ ನೆನಪೂ ಒಂದೇ ಕಡೆ ಜಾರುವುದು ಅಪರೂಪ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಕತೆ ಸಾಲಗಾಮೆಯ ದೊಡ್ಡಕ್ಕನದು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ಮೈಸೂರು ಸೀಮೆಯ ಹಳ್ಳಿಹಳ್ಳಿಯೂ ಸಾವು ಕಂಡಿತು. ನಮ್ಮ ಮುತ್ತಜ್ಜಿಯ ಗಂಡ ಆ ಜ್ವರದಲ್ಲಿ ಹೋದರು. ಮುತ್ತಜ್ಜಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ, ಕೈಯಲ್ಲಿ ಎರಡು ಹೆಣ್ಣು ಕೂಸು. ಗಂಡನ ಮನೆಯಲ್ಲಿ ಇರಲಿಕ್ಕೆ ಆಗದ ಸ್ಥಿತಿ ಬಂದಾಗ ಅವಳು ಒಂದನ್ನು ಕಂಕುಳಲ್ಲಿ ಎತ್ತಿಕೊಂಡು, ಒಂದನ್ನು ನಡೆಸಿಕೊಂಡು ಸಾಲಗಾಮೆಯಲ್ಲಿದ್ದ ತನ್ನ ಅಕ್ಕನ ಮನೆಗೆ ಬಂದಳು. ಅಕ್ಕನಿಗೆ ಮಕ್ಕಳಿರಲಿಲ್ಲ. ಅವಳು ಏನನ್ನೂ ಕೇಳದೆ ಮೊದಲು ಮಕ್ಕಳ ಕಾಲಿಗೆ ಬಿಸಿನೀರು ಹುಯ್ದಳಂತೆ. ಆ ಎರಡು ಕೂಸುಗಳಲ್ಲಿ ಚಿಕ್ಕದು ನನ್ನ ಅಜ್ಜಿ. ಅಜ್ಜಿಯ ಓದು, ಹಾಡು, ಮದುವೆ ಎಲ್ಲ ನಡೆದದ್ದು ಸಾಲಗಾಮೆಯ ಆ ಮನೆಯಲ್ಲಿ, ದೊಡ್ಡಕ್ಕನ ಕೈಯಲ್ಲಿ. ಆ ದಿನ ಆ ಬಾಗಿಲು ತೆರೆಯದಿದ್ದರೆ ನಾವು ಯಾರೂ ಇಲ್ಲ. ಆದರೆ ದೊಡ್ಡಕ್ಕ ಯಾರ ವಂಶವೃಕ್ಷದಲ್ಲೂ ಇಲ್ಲ. ಗಂಡನ ಕಡೆಯ ಪಟ್ಟಿಯಲ್ಲಿ ಮಕ್ಕಳಿಲ್ಲದವಳು, ತವರಿನ ಪಟ್ಟಿಯಲ್ಲಿ ಕೊಟ್ಟ ಹೆಣ್ಣು, ನಮ್ಮ ಕಡೆಯದರಲ್ಲಿ ಅಜ್ಜಿಯ ದೊಡ್ಡಮ್ಮ ಅಷ್ಟೆ.

ಇದು ನಮ್ಮ ಮನೆಯೊಂದರ ಮಾತಲ್ಲ. ಮಂಗಳೂರಿನಲ್ಲಿ ಹುಟ್ಟಿ ದೆಹಲಿಯನ್ನು ಕರ್ಮಭೂಮಿ ಮಾಡಿಕೊಂಡ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯಿರಿ. ದೇಶ ವಿಭಜನೆಯ ನಂತರ ವಾಯವ್ಯ ಗಡಿಪ್ರಾಂತ್ಯದಿಂದ ಬಂದ ನಿರಾಶ್ರಿತರಿಗೆ ದೆಹಲಿಯ ಪಕ್ಕದ ಫರೀದಾಬಾದಿನಲ್ಲಿ ನೆಲೆ ಕಟ್ಟಿಕೊಡಲು ದುಡಿದವರು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತವರು. ಅವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು, ಉಯಿಲು ಇರಲಿಲ್ಲ. ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳಿಗಿಷ್ಟು ಎಂದು ಜೀವನಾಂಶ ನಿಗದಿಯಾದಾಗ, ಆಕೆ ಅದನ್ನು ಬೇಡವೆಂದು ತನ್ನ ತವರಿನವರು ಕೊಟ್ಟಿದ್ದರಿಂದಲೇ ಮಕ್ಕಳನ್ನು ಸಾಕಿದರು. ಕಮಲಾದೇವಿಯವರ ಅಕ್ಕ ಸಗುಣಾ ಎಳೆಯ ವಯಸ್ಸಿನಲ್ಲೇ ಹೋದರು. ಇದೆಲ್ಲ ನಮಗೆ ತಿಳಿದಿರುವುದು ಕಮಲಾದೇವಿ ದೊಡ್ಡವರಾಗಿ ಆತ್ಮಕಥೆ ಬರೆದು, ಅದು 1986ರಲ್ಲಿ ಪ್ರಕಟವಾದದ್ದರಿಂದ. ಆತ್ಮಕಥೆ ಬರೆಯದ ಮನೆಗಳ ಗಿರಿಜಾಬಾಯಿಯರು ಎಷ್ಟು ಜನ!

ಮತ್ತೆ ನಮ್ಮ ಚಾಪೆಗೆ ಬರುತ್ತೇನೆ. ಅದರ ಮೇಲೆ ನಾಲ್ಕನೆಯವರೊಬ್ಬರು ಕೂರುತ್ತಿದ್ದರು. ಪಕ್ಕದ ಕ್ವಾರ್ಟರ್ಸಿನ ಸಿಖ್ ಮನೆಯಾಕೆ. ನಮಗೆಲ್ಲ ಅವರು ಬೆಹೆನ್‌ಜಿ. 1947ರಲ್ಲಿ ಲಾಯಲ್‌ಪುರದಿಂದ ಉಟ್ಟ ಬಟ್ಟೆಯಲ್ಲಿ ಬಂದವರು. ದೊಡ್ಡಮ್ಮನಿಗೆ ಸ್ವೆಟರ್ ಹೆಣೆಯಲು ಕಲಿಸಿದ್ದು ಅವರೇ. ನಮ್ಮವರ ಕನ್ನಡ ಅವರಿಗೆ ಬಾರದು, ಅವರ ಪಂಜಾಬಿ ಇವರಿಗೆ ಅರ್ಧಂಬರ್ಧ. ಆದರೂ ಬೆಹೆನ್‌ಜಿ ತಮ್ಮ ಅಕ್ಕತಂಗಿಯರ ಹೆಸರುಗಳನ್ನು, ಅವರವರ ಗಂಡನ ಊರುಗಳನ್ನು ನಮ್ಮ ದೊಡ್ಡಮ್ಮನಿಗೆ ಬಾಯಿಪಾಠ ಮಾಡಿಸಿದ್ದರು. "ನಾನು ಮರೆತರೆ ನೀನು ಹೇಳು" ಅನ್ನುತ್ತಿದ್ದರಂತೆ. 1971ರ ಡಿಸೆಂಬರಿನಲ್ಲಿ ಯುದ್ಧ ನಡೆದಾಗ ರಾತ್ರಿ ದೀಪ ಹಚ್ಚುವಂತಿರಲಿಲ್ಲ. ಕಿಟಕಿಗಳಿಗೆ ಖಾಕಿ ಕಾಗದ ಅಂಟಿಸಿ, ಮೂರು ಮನೆಯ ಮಕ್ಕಳೂ ದೊಡ್ಡಮ್ಮನ ಮನೆಯಲ್ಲೇ ಇದ್ದೆವು. ಸಾಲಗಾಮೆಯ ದೊಡ್ಡಕ್ಕನ ಕತೆಯನ್ನು ನಾನು ಪೂರ್ತಿಯಾಗಿ ಕೇಳಿದ್ದು ಆ ಕತ್ತಲಲ್ಲಿ, ಮತ್ತು ಬೆಹೆನ್‌ಜಿ ಲಾಯಲ್‌ಪುರದ ಬಗ್ಗೆ ಹೇಳಿದ್ದೂ ಆಗಲೇ. 1984ರ ನವೆಂಬರಿನಲ್ಲಿ ಸಿಖ್ಖರ ಮೇಲೆ ದಾಳಿಗಳಾಗಿ ದೆಹಲಿ ಹೊತ್ತಿ ಉರಿದಾಗ ಬೆಹೆನ್‌ಜಿ ಮತ್ತು ಅವರ ಮನೆಯವರು ನಮ್ಮ ದೊಡ್ಡಮ್ಮನ ಒಳಕೋಣೆಯಲ್ಲಿದ್ದರು. ಬಾಗಿಲ ಬಳಿ ದೊಡ್ಡಮ್ಮ ಕೂತಿದ್ದಳು. ಅವಳು ಈ ವಿಷಯವನ್ನು ಮುಂದೆ ಯಾವತ್ತೂ ದೊಡ್ಡದು ಮಾಡಿ ಹೇಳಲಿಲ್ಲ. ನಾನೂ ಇಷ್ಟಕ್ಕೇ ಬಿಡುತ್ತೇನೆ.

ತವರಿನಿಂದ ದೆಹಲಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದದ್ದು ಗೌರಿ ಹಬ್ಬದ ಬಾಗಿನದ ಹಣ, ಮನಿಯಾರ್ಡರಿನಲ್ಲಿ. ಹಣ ಎಷ್ಟಿದ್ದರೂ ಸರಿ, ಮುಖ್ಯವಾದದ್ದು ಫಾರಮ್ಮಿನ ಕೆಳಗಿನ ಕೂಪನ್ನು. ಆ ನಾಲ್ಕು ಬೆರಳಗಲದ ಜಾಗದಲ್ಲಿ ತಾತ ಸಣ್ಣ ಅಕ್ಷರದಲ್ಲಿ ಊರಿನ ಸುದ್ದಿಯನ್ನೆಲ್ಲ ತುಂಬುತ್ತಿದ್ದರು. ಕೆಂದ ಹಸು ಕರು ಹಾಕಿತು, ಹೊಳೆ ತುಂಬಿದೆ, ನಿಮ್ಮಮ್ಮನಿಗೆ ಮಂಡಿನೋವು. ಮೂವರು ಮಕ್ಕಳಿಗೂ ಬೇರೆ ಬೇರೆ ಸುದ್ದಿ ಬರೆಯುತ್ತಿದ್ದರು. ಹಾಗಾಗಿ ಮೂವರೂ ಕೂಪನ್ನು ಹಿಡಿದುಕೊಂಡು ಸೇರಿದರೆ ಮಾತ್ರ ಊರಿನ ಸಮಾಚಾರ ಪೂರ್ತಿ ಗೊತ್ತಾಗುವುದು. ತಾತ ಬೇಕೆಂದೇ ಹಾಗೆ ಮಾಡುತ್ತಿದ್ದರು ಅಂತ ಅಮ್ಮನ ನಂಬಿಕೆ, ನನ್ನದೂ ಅದೇ. ತಾತನ ನಂತರ ಸೋದರಮಾವ ಕಳಿಸಿದರು. 2015ರಲ್ಲಿ ಅಂಚೆ ಇಲಾಖೆ ಆ ಹಳೆಯ ಮನಿಯಾರ್ಡರನ್ನೇ ನಿಲ್ಲಿಸಿತು. ಈಗ ದುಡ್ಡು ಫೋನಿಗೆ ಬರುತ್ತದೆ. ಅಮ್ಮನ ಅರಿಶಿನ ಕುಂಕುಮದ ಪೆಟ್ಟಿಗೆಯ ತಳದಲ್ಲಿ ಆ ಕೂಪನ್ನುಗಳು ಇನ್ನೂ ಇವೆ.

ಬಾಗಿನಕ್ಕೆ ಮೊರ ಸಿಗುವುದು ಮೊದಲು ಬಹಳ ಕಷ್ಟವಿತ್ತು, ಊರಿನಿಂದಲೇ ಬರಬೇಕಿತ್ತು. ಈಚೆಗೆ ಅದಕ್ಕೊಂದು ದಾರಿಯಾಗಿದೆ. ಬಿಹಾರದವರು ದೀಪಾವಳಿ ಕಳೆದ ಮೇಲೆ ಛಠ್ ಪೂಜೆ ಮಾಡುತ್ತಾರೆ, ಅದಕ್ಕೆ ಬಿದಿರಿನ ಸೂಪ್ ಬೇಕು. ಅದು ನಮ್ಮ ಮೊರವೇ. ಛಠ್ ಸಮಯದಲ್ಲಿ ಕೊಂಡಿಟ್ಟರೆ ಮುಂದಿನ ಭಾದ್ರಪದಕ್ಕೆ ಆಗುತ್ತದೆ. ಚಿಕ್ಕಮ್ಮ ಪ್ರತಿ ವರ್ಷ ಕೊಂಡು, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಾಳೆ. ಉಳಿದ ಸಾಮಾನಿಗೆ ಐ.ಎನ್.ಎ. ಮಾರುಕಟ್ಟೆ, ಕೊಬ್ಬರಿಗೆ ಖಾರಿ ಬಾವಲಿ.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಹೇಮಾವತಿ ನಿಂತಾಗ ಮೂವರ ತವರೂರು ನೀರಿನ ಕೆಳಗೆ ಹೋಯಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಹಿನ್ನೀರಿನಲ್ಲಿ ನಿಂತಿರುವುದನ್ನು ನೀವು ನೋಡಿರಬಹುದು. ಚರ್ಚಿನ ಗೋಡೆ ಗಟ್ಟಿ, ನಿಂತಿತು. ನಮ್ಮದು ಮಣ್ಣಿನ ಗೋಡೆಯ ಹೆಂಚಿನ ಮನೆ, ಕರಗಿತು. ತಾತ ಅಜ್ಜಿ ಹಾಸನಕ್ಕೆ ಬಂದರು. ಆ ವರ್ಷದ ಒಂದು ಎರಡನೇ ಶನಿವಾರ ಮೂವರೂ ಸೇರಿ ಮಕ್ಕಳ ಡ್ರಾಯಿಂಗ್ ಹಾಳೆಯ ಮೇಲೆ ಊರನ್ನು ಬರೆದರು. ಚಾವಡಿ, ಬಾವಿ, ಹೊಳೆಗೆ ಇಳಿಯುವ ಕಲ್ಲು, ಯಾರ ಮನೆಯ ಪಕ್ಕ ಯಾರದು. ಹಲಸಿನ ಮರ ಬಾವಿಯ ಬಲಕ್ಕೋ ಎಡಕ್ಕೋ ಎಂದು ಸಂಜೆವರೆಗೂ ವಾದ ಆಯಿತು. ಬೆಹೆನ್‌ಜಿ ಅದನ್ನು ನೋಡಿ, ತಾನೂ ಲಾಯಲ್‌ಪುರದ ಬೀದಿಯನ್ನು ಹೀಗೆ ಬರೆದಿಡಬೇಕಿತ್ತು ಎಂದರಂತೆ.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸು ಬಿಡಬೇಕು. ಮೂರು ಮನೆಗಳು ಮೂರು ದಿಕ್ಕಿಗಾದವು. ದೊಡ್ಡಮ್ಮ ಜನಕಪುರಿ, ಅಮ್ಮ ಯಮುನೆಯಾಚೆ ಮಯೂರ ವಿಹಾರ, ಚಿಕ್ಕಮ್ಮ ನೋಯ್ಡಾ. ಬಸ್ಸು ಹತ್ತಿ ಇಳಿಯುವ ವಯಸ್ಸು ಕಳೆದಿತ್ತು. 2009ರಲ್ಲಿ ಮೆಟ್ರೋದ ನೀಲಿ ಮಾರ್ಗ ನೋಯ್ಡಾ ಮುಟ್ಟಿದಾಗ, ಒಂದೇ ಗಾಡಿಯಲ್ಲಿ ಚಿಕ್ಕಮ್ಮ ಅಕ್ಕನ ಮನೆ ತಲುಪುವಂತಾಯಿತು. ಎರಡನೇ ಶನಿವಾರ ಮತ್ತೆ ಜೀವ ಪಡೆಯಿತು. 2016ರಲ್ಲಿ ಸರೋಜಿನಿ ನಗರ, ನೇತಾಜಿ ನಗರ ಮುಂತಾದ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ತೀರ್ಮಾನವಾಯಿತು. 2018ರಲ್ಲಿ ಅಲ್ಲಿನ ಮರಗಳನ್ನು ಕಡಿಯಬಾರದೆಂದು ಜನ ಮರಗಳನ್ನು ತಬ್ಬಿ ನಿಂತರು, ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಟಿ.ವಿ.ಯಲ್ಲಿ ಅದನ್ನು ನೋಡುತ್ತಾ ದೊಡ್ಡಮ್ಮ ತನ್ನ ಬೇವಿನ ಮರ ಕಾಣುತ್ತದೇನೋ ಎಂದು ಹುಡುಕಿದಳು. ನೀರು ನುಂಗಿದ್ದು ಒಂದು ಮನೆಯನ್ನು, ನಗರ ನುಂಗಿದ್ದು ಇನ್ನೊಂದನ್ನು. ಒಂದರ ವಿಳಾಸ ಈಗ ಆ ಡ್ರಾಯಿಂಗ್ ಹಾಳೆಯಲ್ಲಿ, ಇನ್ನೊಂದರದು ಮಾತಿನಲ್ಲಿ ಮಾತ್ರ.

ಒಂದು ಮದುವೆಗೆ ಬಂದಿದ್ದಾಗ ಸೋದರಮಾವನ ಮಗ ಬಹಳ ಶ್ರಮಪಟ್ಟು ತಯಾರಿಸಿದ ವಂಶವೃಕ್ಷವನ್ನು ಹಾಸಿ ತೋರಿಸಿದ. ಏಳು ತಲೆಮಾರು, ಚೆನ್ನಾಗಿ ಅಚ್ಚು ಹಾಕಿಸಿದ್ದ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಓದುತ್ತಾ ಹೋದಳು. ತಾತನ ಅಣ್ಣನ ಹೆಸರಿನ ಕೆಳಗೆ 'ಸಂತಾನವಿಲ್ಲ' ಎಂದಿತ್ತು.

"ಇದೇನೋ ಇದು? ದೊಡ್ಡಪ್ಪನಿಗೆ ನಾಲ್ಕು ಹೆಣ್ಣುಮಕ್ಕಳಿದ್ದರಲ್ಲೋ?"

"ಹೆಣ್ಣುಮಕ್ಕಳು ಬೇರೆ ಮನೆಗೆ ಹೋದರಲ್ಲ ಅತ್ತೆ, ಅದಕ್ಕೇ ಹಾಕಲಿಲ್ಲ."

"ಪೆನ್ಸಿಲ್ ಕೊಡು ಇಲ್ಲಿ."

ಅಲ್ಲೇ ಚಪ್ಪರದ ಕೆಳಗೆ ಕೂತು ಅವಳು ನಾಲ್ಕೂ ಹೆಸರುಗಳನ್ನು, ಗಂಡಂದಿರ ಊರುಗಳನ್ನು, ಮಕ್ಕಳನ್ನು ಬರೆದಳು. ನಡುವೆ ಅನುಮಾನ ಬಂದದ್ದು ಒಂದೇ ಕಡೆ, ಅದನ್ನು ಅಮ್ಮ ಬಗೆಹರಿಸಿದಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಚೇರಿಯ ಕಾಗದಕ್ಕೆ ಹೆಣ್ಣುಮಕ್ಕಳ ಹೆಸರು ಬೇಕೇಬೇಕು, ಏಕೆಂದರೆ ಸಹಿ ಬೇಕು. ಮನೆಯ ಗೋಡೆಗೆ ತೂಗುಹಾಕುವ ಕಾಗದಕ್ಕೆ ಬೇಡವೇ? ಆ ಹುಡುಗ ಒಳ್ಳೆಯವನು, ಮಾತು ಬೆಳೆಸಲಿಲ್ಲ. ವಂಶವೃಕ್ಷವನ್ನು ಪೂರ್ತಿ ಹೊಸದಾಗಿ ಮಾಡಿಸಿ ಕಳಿಸಿದ. ಈಗ ಅದರ ಅಗಲ ಎರಡರಷ್ಟಾಗಿದೆ.

ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ದಾಖಲೆ ದೊಡ್ಡಮ್ಮನ ಹಾಡಿನ ಪುಸ್ತಕ. ದೊಡ್ಡಪ್ಪನ ಆಫೀಸಿನ ಹಳೆಯ ಡೈರಿಯಲ್ಲಿ ನೀಲಿ ಶಾಯಿಯಲ್ಲಿ ಬರೆದದ್ದು. ಎಣ್ಣೆ ಒತ್ತುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಆರತಿ. ಪ್ರತಿ ಹಾಡಿನ ಕೊನೆಗೆ ಅದನ್ನು ಯಾರು ಹೇಳಿಕೊಟ್ಟರು ಎಂದು ಒಂದು ಸಾಲು ಬರೆದಿದ್ದಾಳೆ. ಅಮ್ಮ ಹೇಳಿದ್ದು, ಅಮ್ಮನಿಗೆ ಅವರತ್ತೆ ಹೇಳಿದ್ದು. ಆಲೂರಿನ ಅತ್ತಿಗೆ ಹೇಳಿದ್ದು. ಒಂದು ಕಡೆ ಬೆಹೆನ್‌ಜಿಯ ಹೆಸರೂ ಇದೆ, ಕನ್ನಡ ಅಕ್ಷರದಲ್ಲಿ ಬರೆದ ಒಂದು ಪಂಜಾಬಿ ಮದುವೆ ಹಾಡಿನ ಕೆಳಗೆ. ಆ ಸಾಲುಗಳನ್ನೆಲ್ಲ ಒಂದು ಕಡೆ ಕೂಡಿಸಿ ಓದಿದರೆ ನಮ್ಮ ಮನೆಯ ಹೆಂಗಸರ ವಂಶಾವಳಿ ಸಿಗುತ್ತದೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಅದರಲ್ಲಿದೆ. ಅತ್ತೆ ಸೊಸೆಗೆ, ಅಕ್ಕ ತಂಗಿಗೆ, ನೆರೆಯವಳು ನೆರೆಯವಳಿಗೆ. ದೊಡ್ಡಮ್ಮ ಈಗಿಲ್ಲ. ಅಮ್ಮನೂ ಇಲ್ಲ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ನಾವು ಅಕ್ಕತಂಗಿಯರ ಮಕ್ಕಳು ಈಗಲೂ ಎರಡನೇ ಶನಿವಾರ ಸೇರುತ್ತೇವೆ. ಗುರುಗ್ರಾಮದಿಂದ ಒಬ್ಬಳು ಬರುತ್ತಾಳೆ, ಜನಕಪುರಿಯಿಂದ ಇಬ್ಬರು. ಚಿಕ್ಕಮ್ಮ ಹಾಡುತ್ತಾಳೆ, ನಾವು ಫೋನಿನಲ್ಲಿ ಹಿಡಿದಿಡುತ್ತೇವೆ, ಹಾಡಿದ ಮೇಲೆ ಹೇಳಿಕೊಟ್ಟವರ ಹೆಸರನ್ನೂ ಅವಳ ಬಾಯಲ್ಲೇ ಹೇಳಿಸುತ್ತೇವೆ.

ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಹಾಡಿದೆ. ಮದುವೆಯಾಗಿ ಹೆಂಡತಿಯೊಡನೆ ಮನೆಗೆ ಬರುವ ತಮ್ಮನನ್ನು ಅಕ್ಕ ಹೊಸ್ತಿ‌ಲಲ್ಲಿ ತಡೆದು, ನಿನಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಕೇಳುವ ಬಾಗಿಲು ತಡೆಯುವ ಹಾಡು. ಅದರ ಕೆಳಗೆ 'ಸಾಲಗಾಮೆ ದೊಡ್ಡಕ್ಕ ಹೇಳಿದ್ದು' ಎಂದಿದೆ. ಬಾಗಿಲು ತೆರೆದು ನಮ್ಮ ಮುತ್ತಜ್ಜಿಯನ್ನು ಒಳಗೆ ಕರೆದ ಅದೇ ದೊಡ್ಡಕ್ಕ. ಹದಿನಾಲ್ಕು ನುಡಿಗಳೂ ಪೂರ್ತಿ ಇವೆ, ಆದರೆ ಧಾಟಿ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ದೊಡ್ಡಮ್ಮ ಹಾಡಿದ್ದನ್ನು ಚಿಕ್ಕಮ್ಮ ಒಂದೇ ಒಂದು ಸಲ ಕೇಳಿದ್ದಾಳೆ, ಅವಳಿಗೆ ಮೊದಲ ನುಡಿಯ ಎಳೆ ಮಾತ್ರ ಸಿಗುತ್ತದೆ. ಹಾಸನ, ಆಲೂರು, ಸಾಲಗಾಮೆ, ಗೊರೂರಿನ ಕಡೆ ಬಾಗಿಲು ತಡೆಯುವ ಹಾಡು ಬಲ್ಲ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ಬಾನುಲಿ ನಿಲಯಕ್ಕೆ ಒಂದು ಕಾರ್ಡು ಬರೆಯಿರಿ. ಅವರಿಗೆ ಅದನ್ನು ಹೇಳಿಕೊಟ್ಟವರ ಹೆಸರನ್ನೂ ಬರೆಯಿರಿ. ನಾನೇ ಬಂದು ಕಲಿತುಕೊಂಡು ಹೋಗುತ್ತೇನೆ, ಚಿಕ್ಕಮ್ಮನೂ ಬರುತ್ತೇನೆ ಅಂದಿದ್ದಾಳೆ.